ಪೂರ್ಣಯ್ಯನವರ ಸೇತುವೆಗೆ ಬೇಲಿ ಬೇಡ, ಎರಡು ಕಲ್ಲು ನೆಟ್ಟರೆ ಸಾಕು

ಬೇಸಾಯದ ಪತ್ರಿಕೆಯಲ್ಲಿ ಸೇತುವೆ ಸುದ್ದಿ ಯಾಕಪ್ಪಾ ಅಂತ ಕೆಲವರು ಕೇಳಬಹುದು. ಕೇಳಲಿ. ಬೆಳೆ ಬೆಳೆಯೋದು ಅರ್ಧ ಕೆಲಸ, ಅದನ್ನು ಹೊಳೆ ದಾಟಿಸಿ ಮಾರೋದು ಇನ್ನರ್ಧ. ನಮ್ಮ ಕಿರಂಗೂರಿನ ಕಡೆಯ ರೈತರಿಗೆ ಇದು ಚೆನ್ನಾಗಿ ಗೊತ್ತು. ನಮಗೂ ಶ್ರೀರಂಗಪಟ್ಟಣಕ್ಕೂ ನಡುವೆ ಕಾವೇರಿಯ ಉತ್ತರದ ಕವಲು ಹರಿಯುತ್ತೆ. ಸಂತೆ, ತಾಲ್ಲೂಕು ಕಚೇರಿ, ಆಸ್ಪತ್ರೆ ಎಲ್ಲ ಆಚೆ ದಡದಲ್ಲಿ. ಈ ಕವಲಿಗೆ 1804ರಲ್ಲಿ ಹಾಕಿದ ಕಲ್ಲಿನ ಸೇತುವೆ ಇನ್ನೂ ನಿಂತಿದೆ. ಪುಸ್ತಕದಲ್ಲಿ ಅದರ ಹೆಸರು ವೆಲ್ಲೆಸ್ಲಿ ಸೇತುವೆ. ಅದನ್ನು ಏನು ಮಾಡಬೇಕು ಅನ್ನೋದರ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ, ಅದನ್ನು ಹೇಳೋಕೆ ಈ ಬರಹ.

ಹೆಸರು ಯಾರದು, ಕಾಸು ಯಾರದು?

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಂಗ್ಲಿಷರು ಮೈಸೂರಿನ ಗದ್ದುಗೆಗೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿದರು. ದೊರೆ ಇನ್ನೂ ಬಾಲಕ. ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. ಟಿಪ್ಪುವಿನ ಕಾಲದಲ್ಲೂ ಲೆಕ್ಕಪತ್ರ, ಖಜಾನೆ ನೋಡುತ್ತಿದ್ದವರೇ ಅವರು. 1811ರವರೆಗೆ ದಿವಾನಗಿರಿ ಮಾಡಿ, 1812ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು. ಈ ಸೇತುವೆ ಕಟ್ಟಿದ್ದು ಅವರ ಮೇಲ್ವಿಚಾರಣೆಯಲ್ಲಿ.

ಹೆಸರು ಇಟ್ಟಿದ್ದು ಮಾತ್ರ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯದು. ಆತನ ತಮ್ಮ ಆರ್ಥರ್ ವೆಲ್ಲೆಸ್ಲಿ ಆಗ ಶ್ರೀರಂಗಪಟ್ಟಣದಲ್ಲಿ ಸೈನ್ಯದ ದೊಡ್ಡ ಅಧಿಕಾರಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ನೆಪೋಲಿಯನ್ನನನ್ನು ಸೋಲಿಸಿದವನು. ಸೇತುವೆಗೆ ತಮ್ಮನ ಹೆಸರು ಇಟ್ಟಿದ್ದು ಅಂತ ಸುಮಾರು ಜನ ತಿಳಿದಿದ್ದಾರೆ. ಅದು ಅಣ್ಣನ ಹೆಸರು.

ಆಗಿನ ಸಂಸ್ಥಾನದ ಬೊಕ್ಕಸಕ್ಕೆ ಮುಖ್ಯ ವರಮಾನ ಭೂಕಂದಾಯ. 1799ರ ಒಪ್ಪಂದದಂತೆ ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಪೊಗದಿ ಕಟ್ಟಬೇಕಿತ್ತು. ಅದನ್ನೂ ಕಟ್ಟಿ, ಇಂಥ ಕೆಲಸಗಳನ್ನೂ ಮಾಡಿಸಿದರು ಅಂದರೆ ಆ ಹಣ ಬಂದಿದ್ದು ಎಲ್ಲಿಂದ? ಭತ್ತ, ರಾಗಿ ಬೆಳೆದವರ ಮನೆಯಿಂದ. ಹೆಸರು ಲಾಟ್ ಸಾಹೇಬನದು, ಉಸ್ತುವಾರಿ ದಿವಾನರದು, ಕೈಕೆಲಸ ಕಲ್ಲುಕುಟಿಗರದು, ಕಾಸು ರೈತನದು. ಹಾಗಾಗಿ ಈ ಸೇತುವೆ ಬಗ್ಗೆ ಮಾತಾಡೋ ಹಕ್ಕು ಇತಿಹಾಸ ಓದಿದವರಿಗಿಂತ ನಮಗೇನೂ ಕಡಿಮೆ ಇಲ್ಲ.

ಕಂಬ, ಬೋದಿಗೆ, ತೊಲೆ

ಕಮಾನು ಇರೋ ಸೇತುವೆ ನೋಡಿ ಬಂದವರಿಗೆ ಇದು ಮೊದಲ ನೋಟಕ್ಕೆ ಏನೂ ಅನ್ನಿಸೋದಿಲ್ಲ. ಚಿತ್ತಾರ ಇಲ್ಲ, ನುಣುಪು ಇಲ್ಲ. ಹೊಳೆಯಲ್ಲಿ ಸಾಲು ಸಾಲಾಗಿ ಕಲ್ಲಿನ ಕಂಬ, ಕಂಬದ ತಲೆ ಮೇಲೆ ಬೋದಿಗೆ, ಬೋದಿಗೆ ಮೇಲೆ ಉದ್ದನೆಯ ಕಲ್ಲಿನ ತೊಲೆ. ನಮ್ಮ ಊರಿನ ಹಳೇ ದೇವಸ್ಥಾನದ ಮುಖಮಂಟಪ ಹೇಗಿದೆಯೋ ಹಾಗೇ. ಆ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆಗೆ ಅಡ್ಡ ಇಟ್ಟರೆ ಈ ಸೇತುವೆ. ನಮ್ಮವರು ತಮಗೆ ಗೊತ್ತಿದ್ದ ಮಂಟಪದ ಕೆಲಸವನ್ನೇ ಹೊಳೆಗೆ ಇಳಿಸಿದರು.

ಇದರ ಹಿಂದಿನ ಲೆಕ್ಕ ತಿಳಿದರೆ ಗೌರವ ಬರುತ್ತೆ. ಕಲ್ಲನ್ನು ಎಷ್ಟು ಅದುಮಿದರೂ ತಡೆಯುತ್ತೆ. ಬಗ್ಗಿಸೋಕೆ ಹೋದರೆ ಪಟ್ ಅಂತ ಸೀಳುತ್ತೆ. ಬಗ್ಗುವಿಕೆ ತಡೆಯುವ ಶಕ್ತಿ ಅದುಮು ತಡೆಯುವ ಶಕ್ತಿಯ ಹತ್ತರಲ್ಲೊಂದು ಪಾಲು ಇದ್ದರೆ ಅದೇ ಹೆಚ್ಚು. ಅದಕ್ಕೇ ಬಾವಿ ಮೇಲೆ ಅಥವಾ ಕಾಲುವೆ ಮೇಲೆ ಚಪ್ಪಡಿ ಹಾಕುವಾಗ ಹಳಬರು ಅಂತರ ಹೆಚ್ಚಿಗೆ ಬಿಡುತ್ತಿರಲಿಲ್ಲ. ಅಂತರ ಎರಡರಷ್ಟಾದರೆ ಚಪ್ಪಡಿಯ ಸ್ವಂತ ಭಾರದಿಂದಲೇ ಅದರ ನಡುವಿಗೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತೆ.

ಇಲ್ಲಿ ಬೋದಿಗೆ ಕೆಲಸಕ್ಕೆ ಬರುತ್ತೆ. ಎರಡು ಕಂಬದ ನಡುವೆ ಹತ್ತು ಅಡಿ ಇದೆ ಅಂತ ಇಟ್ಟುಕೊಳ್ಳಿ. ಎರಡೂ ಕಂಬದಿಂದ ಬೋದಿಗೆ ಒಂದೂವರೆ ಅಡಿ ಮುಂದೆ ಚಾಚಿದರೆ ತೊಲೆಗೆ ಆಸರೆ ಇಲ್ಲದ ಜಾಗ ಏಳೇ ಅಡಿ. ಹತ್ತು ಹತ್ತಲಿ ನೂರು, ಏಳು ಏಳಲಿ ನಲವತ್ತೊಂಬತ್ತು. ಬರೀ ಮೂರು ಅಡಿ ಉಳಿಸಿದ್ದಕ್ಕೆ ಒತ್ತಡ ಅರ್ಧಕ್ಕರ್ಧ ಇಳಿದುಹೋಯಿತು. ಈ ಲೆಕ್ಕವನ್ನು ಕಾಗದದ ಮೇಲೆ ಹಾಕದೆಯೇ ಕೈಯಲ್ಲಿ ಕಲಿತವರು ಅವರು.

ಇನ್ನೊಂದು ವಿಷಯ. ಕಂಬಗಳ ನಡುವೆ ಎಲ್ಲ ಕಡೆ ತೆರಪು. ನೆರೆ ಬಂದಾಗ ನೀರಿಗೆ ಎದೆ ಕೊಟ್ಟು ನಿಲ್ಲೋ ಗೋಡೆ ಇಲ್ಲ. ಬತ್ತದ ಪೈರಿನ ನಡುವೆ ನೀರು ಹಾಯುವ ಹಾಗೆ ಹಾದು ಹೋಗುತ್ತೆ. ತೀರಾ ಹೆಚ್ಚಾದರೆ ಮೇಲೆ ಹತ್ತಿಯೂ ಹರಿಯುತ್ತೆ. ಕಲ್ಲಿನ ಸ್ವಂತ ಭಾರವೇ ಅದನ್ನು ಜಾಗದಲ್ಲಿ ಹಿಡಿದು ಕೂರಿಸುತ್ತೆ.

ಬುಕನನ್ ಸಾಹೇಬ ಕಂಡಿದ್ದು

ಈ ಸೇತುವೆ ಕಟ್ಟೋಕೆ ಮುಂಚೆ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ಡಾಕ್ಟರು ಕಂಪನಿಯ ಅಪ್ಪಣೆ ಮೇಲೆ ನಮ್ಮ ಸೀಮೆ ಸುತ್ತಲು ಬಂದ. ಯಾವ ಊರಲ್ಲಿ ಏನು ಬೆಳೀತಾರೆ, ನೀರು ಹೇಗೆ ಹಾಯಿಸ್ತಾರೆ ಅಂತ ಬರೆದುಕೊಂಡು ಹೋದವನು. ಬೇಸಾಯದವರು ಓದಬೇಕಾದ ಪುಸ್ತಕ ಅವನದು. ಶ್ರೀರಂಗಪಟ್ಟಣದಲ್ಲಿ ಅವನು ಇನ್ನೊಂದು ಕಲ್ಲಿನ ಸೇತುವೆ ನೋಡಿದ. ಚಚ್ಚೌಕದ ಕಲ್ಲು ಕಂಬಗಳನ್ನು ಹೊಳೆಯ ಬಂಡೆಗೆ ಗುಂಡಿ ಕೊರೆದು ನೆಟ್ಟಿದ್ದಾರೆ, ಸಾಲಿನಿಂದ ಸಾಲಿಗೆ ಸುಮಾರು ಹತ್ತು ಅಡಿ, ಅಗಲ ಸುಮಾರು ಇಪ್ಪತ್ತು ಅಡಿ, ಅದರಲ್ಲಿ ಅರ್ಧ ಜನ ಓಡಾಡೋಕೆ, ಅರ್ಧ ನೀರು ಹರಿಯೋಕೆ ಅಂತ ವಿವರ ಕೊಟ್ಟ. ಕೊಟ್ಟ ಮೇಲೆ, ಈ ದೇಶದಲ್ಲಿ ಕಸುಬು ಎಷ್ಟು ಹಿಂದುಳಿದಿದೆ ಅನ್ನೋದಕ್ಕೆ ಈ ಒರಟು ಸೇತುವೆಯೇ ಸಾಕ್ಷಿ ಅನ್ನೋ ಅರ್ಥದಲ್ಲಿ ಒಂದು ಮಾತೂ ಸೇರಿಸಿದ.

ಹೀಗೆ ಹೊಳೆ ದಾಟಿಸಿ ಪಟ್ಟಣದ ದ್ವೀಪಕ್ಕೆ ನೀರು ತಂದ ನಾಲೆ ಬಂಗಾರದೊಡ್ಡಿ ನಾಲೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ್ದು. ಬುಕನನ್‌ಗೆ ಒರಟಾಗಿ ಕಂಡಿದ್ದರಲ್ಲಿ ನನಗೆ ಕಾಣೋದು ಬುದ್ಧಿವಂತಿಕೆ. ಒಂದೇ ಸಾಲು ಕಂಬದ ಮೇಲೆ ಗಾಡಿಯೂ ಹೋಗಬೇಕು, ಗದ್ದೆಗೆ ನೀರೂ ಹೋಗಬೇಕು ಅಂತ ಯೋಚಿಸಿದವನು ರೈತನ ಕಷ್ಟ ಬಲ್ಲವನೇ ಇರಬೇಕು. ಈಗಿನ ಎಷ್ಟು ಯೋಜನೆಗಳಲ್ಲಿ ರಸ್ತೆಯವರು ನಾಲೆಯವರನ್ನು ಒಂದು ಮಾತು ಕೇಳ್ತಾರೆ, ನೀವೇ ಹೇಳಿ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ

ಹಳೇ ಕಲ್ಲಿನ ಸೇತುವೆಗಳು ಅಮರ ಅಂತ ಯಾರಾದರೂ ಅಂದರೆ ನಂಬಬೇಡಿ. ಹಂಪಿಯಲ್ಲಿ ತುಂಗಭದ್ರೆಗೆ ಕಟ್ಟಿದ್ದ ಸೇತುವೆಯ ಕಂಬಗಳು ಮಾತ್ರ ನಿಂತಿವೆ, ಮೇಲಿನ ಹಾಸು ಎಂದೋ ಹೋಯಿತು. ನಮ್ಮದೇ ಕಾವೇರಿಯ ಕೆಳಗೆ ಶಿವನಸಮುದ್ರದಲ್ಲಿ, ರಾಮಸ್ವಾಮಿ ಮೊದಲಿಯಾರ್ ಅವರು ಎರಡು ಶತಮಾನದ ಹಿಂದೆ ಕಟ್ಟಿಸಿದ ವೆಸ್ಲಿ ಸೇತುವೆಯ ಒಂದು ಭಾಗ 2018ರ ನೆರೆಗೆ ಕುಸಿಯಿತು. ಅದೂ ಇದೇ ಥರ ಕಂಬ, ತೊಲೆಯ ಸೇತುವೆ. ಅಲ್ಲಿ ಆಗಿದ್ದು ಇಲ್ಲಿ ಆಗೋದಿಲ್ಲ ಅನ್ನೋಕೆ ಯಾವ ಭರವಸೆಯೂ ಇಲ್ಲ. ಕೆ.ಆರ್.ಎಸ್. ಕಟ್ಟೆ 124.80 ಅಡಿಗೆ ತುಂಬಿದ ಮೇಲೆ ಬಂದ ನೀರನ್ನೆಲ್ಲ ಬಿಡಲೇಬೇಕು. 2018, 2019, 2024ರಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ಸ್ ದಾಟಿತು. ಅಂಥ ದಿನಗಳಲ್ಲಿ ಸೇತುವೆ ಮೇಲೆ ಓಡಾಟ ನಿಲ್ಲಿಸುತ್ತಾರೆ, ಅದು ಸರಿ.

ಹಾಗಂತ ಹೊಸದೆಲ್ಲ ಗಟ್ಟಿ ಅಂತಲೂ ಅಲ್ಲ. ಅದೇ ತುಂಗಭದ್ರೆಗೆ ಆನೆಗೊಂದಿ ಬಳಿ ಕಟ್ಟುತ್ತಿದ್ದ ಹೊಸ ಸೇತುವೆ 2009ರ ಜನವರಿಯಲ್ಲಿ, ಮುಗಿಯೋಕೆ ಮುಂಚೆಯೇ ಬಿತ್ತು. ಕಾರವಾರದ ಕಾಳಿ ನದಿಯ ಕಾಂಕ್ರೀಟ್ ಸೇತುವೆ ಸುಮಾರು ನಲವತ್ತು ವರ್ಷ ಬಾಳಿ 2024ರ ಆಗಸ್ಟ್‌ನಲ್ಲಿ ಮುರಿದು ಹೊಳೆಗೆ ಬಿತ್ತು. ಕಾಂಕ್ರೀಟಿನ ಹೊಟ್ಟೆಯೊಳಗಿನ ಕಬ್ಬಿಣಕ್ಕೆ ನೀರು ಮುಟ್ಟಿದರೆ ತುಕ್ಕು ಹಿಡಿಯುತ್ತೆ, ತುಕ್ಕು ಊದಿಕೊಂಡು ಕಾಂಕ್ರೀಟನ್ನೇ ಒಡೆಯುತ್ತೆ. ಕಲ್ಲಿನ ಸೇತುವೆಗೆ ಆ ರೋಗ ಇಲ್ಲ. ಅದಕ್ಕೆ ಬರೋ ರೋಗಗಳೇ ಬೇರೆ, ಮುಂದೆ ಹೇಳುತ್ತೇನೆ.

ನಮಗೆ ಈಗ ಯಾಕೆ ಬೇಕು?

ದೊಡ್ಡ ಗಾಡಿಗಳಿಗೆ ಹಳೇ ಹೆದ್ದಾರಿಯ ಸೇತುವೆ ಇದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿ, ಪಟ್ಟಣವನ್ನು ಬಳಸಿಕೊಂಡು ಹೋಗುತ್ತೆ. ಇನ್ನು ಈ ಹಳೇದು ಯಾಕೆ, ಬೇಲಿ ಹಾಕಿ ಬೋರ್ಡು ನೆಟ್ಟು ಪ್ರವಾಸಿಗಳು ಫೋಟೋ ತೆಗೆಯೋಕೆ ಬಿಟ್ಟರಾಯಿತು ಅನ್ನೋ ಮಾತು ಆಗಾಗ ಕಿವಿಗೆ ಬೀಳುತ್ತೆ. ನನ್ನ ತಕರಾರು ಇಲ್ಲೇ ಇರೋದು.

ಆ ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ ಯಾವುದಕ್ಕೂ ಪ್ರವೇಶ ಇಲ್ಲ. ಅಪಘಾತ ತಪ್ಪಿಸೋಕೆ ಮಾಡಿದ ನಿಯಮ, ಅದನ್ನು ನಾನು ದೂರೋದಿಲ್ಲ. ಆದರೆ ನೋಡಿ, ನಮ್ಮ ಭೂಮಿ ಮೇಲೇ ಹಾದ ರಸ್ತೆಯಲ್ಲಿ ನಮ್ಮ ಗಾಡಿಗೆ ಜಾಗ ಇಲ್ಲ. ಅಂದ ಮೇಲೆ ನಿಧಾನವಾಗಿ ಹೋಗುವವರಿಗೆ ಉಳಿದಿದ್ದು ಹಳೇ ದಾರಿಗಳೇ. ಸೊಪ್ಪಿನ ಕಟ್ಟು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವವರು, ಹಾಲಿನ ಕ್ಯಾನಿನ ಮೊಪೆಡ್ಡು, ಕುರಿ ಹೊಡೆದುಕೊಂಡು ಹೋಗುವವರು, ನಡೆದು ಹೋಗುವ ಮುದುಕಿಯರು ಇವರಿಗೆ ಲಾರಿ, ಬಸ್ಸಿನ ಭಯ ಇಲ್ಲದೆ ಹೊಳೆ ದಾಟೋಕೆ ಒಂದು ದಾರಿ ಬೇಡವೇ? ಪೂರ್ಣಯ್ಯನವರ ಸೇತುವೆ ಕಟ್ಟಿದ್ದೇ ಎತ್ತಿನ ಗಾಡಿಗೆ, ಕುದುರೆಗೆ, ಕಾಲ್ನಡಿಗೆಗೆ. ಅದಕ್ಕೆ ಸರಿಯಾದ ಭಾರ ನಮ್ಮದೇ.

ಬೇಲಿ ಹಾಕಿದರೆ ಇನ್ನೊಂದು ನಷ್ಟ. ಬಳಸದೆ ಬಿಟ್ಟಿದ್ದನ್ನು ಯಾರೂ ನೋಡೋದಿಲ್ಲ. ನಮ್ಮ ಊರುಗಳ ಕಲ್ಯಾಣಿಗಳನ್ನೇ ನೋಡಿ. ಮನೆ ಮನೆಗೆ ನಲ್ಲಿ ಬಂತು, ಕಲ್ಯಾಣಿಗೆ ಇಳಿಯೋರು ಇಲ್ಲವಾದರು, ಹತ್ತೇ ವರ್ಷದಲ್ಲಿ ಹೂಳು, ಪ್ಲಾಸ್ಟಿಕ್ಕು, ಲಂಟಾನ. ಕಳೆ ಕೀಳೋಕೆ ಒಂದು ಕಾರಣ ಇರಬೇಕಾದರೆ ಅಲ್ಲಿ ನಾವು ದಿನಾ ಓಡಾಡಬೇಕು. ನಾನು ಕೇಳೋದು ಸರಳ. ಸೇತುವೆಯ ಎರಡೂ ತುದಿಯಲ್ಲಿ ಎರಡೆರಡು ಕಲ್ಲು ಕಂಬ ನೆಡಲಿ. ನಡುವೆ ಎತ್ತಿನ ಗಾಡಿ, ಬೈಕು ನುಗ್ಗುವಷ್ಟು ಜಾಗ ಇರಲಿ. ಲಾರಿ, ಟ್ರೈಲರು ನುಗ್ಗದ ಹಾಗೆ ಇರಲಿ.

ಈ ಮಾತು ನಮಗೂ ಅನ್ವಯಿಸುತ್ತೆ. ಎತ್ತಿನ ಗಾಡಿ ತುಂಬಿದರೆ ಒಂದು, ಒಂದೂವರೆ ಟನ್ನು. ಟ್ರ್ಯಾಕ್ಟರ್ ಟ್ರೈಲರಿಗೆ ಕಬ್ಬು ಹೇರಿದರೆ ಎಂಟು, ಹತ್ತು ಟನ್ನು; ಎರಡು ಟ್ರೈಲರ್ ಕಟ್ಟಿದರೆ ಲೆಕ್ಕವೇ ಬೇಡ. ನಾನೂ ಒಂದು ಎಕರೆ ಕಬ್ಬು ಬೆಳೆಯುವವನು. ಕಡಿತದ ಕಾಲದಲ್ಲಿ ಒಂದು ಮೈಲಿ ಉಳಿದರೆ ಡೀಸೆಲ್ ಎಷ್ಟು ಉಳಿಯುತ್ತೆ ಅಂತ ನನಗೂ ಗೊತ್ತು. ಆದರೆ ಕಲ್ಲಿನ ತೊಲೆ ಕಬ್ಬಿಣದ ಹಾಗೆ ಬಗ್ಗಿ ಎಚ್ಚರಿಸೋದಿಲ್ಲ. ಒಂದು ದಿನ ಸೀಳುತ್ತೆ, ಅಷ್ಟೆ. ಹಾಗಾಗಿ ಕಬ್ಬಿನ ಗಾಡಿ ದೊಡ್ಡ ಸೇತುವೆ ಮೇಲೇ ಹೋಗಲಿ.

ಸಣ್ಣ ಸೇತುವೆಗಳ ಕಥೆ

ದೊಡ್ಡ ಸೇತುವೆಗಾದರೂ ಹೆಸರಿದೆ, ಪತ್ರಿಕೆಯವರು ಬರೆಯುತ್ತಾರೆ. ನಮ್ಮ ನಾಲೆ, ಹಳ್ಳಗಳ ಮೇಲಿನ ಸಣ್ಣ ಕಲ್ಲು ಸೇತುವೆಗಳನ್ನು ಕೇಳೋರೇ ಇಲ್ಲ. ನನ್ನ ಗದ್ದೆಗೆ ಹೋಗೋ ದಾರಿಯಲ್ಲಿ ಅಂಥದೊಂದಿತ್ತು. ಎರಡು ಸಾಲು ಕಂಬ, ಮೂರು ತೆರಪು, ಮೇಲೆ ಚಪ್ಪಡಿ. ಯಾರ ಕಾಲದ್ದೋ ಗೊತ್ತಿಲ್ಲ, ಯಾವತ್ತೂ ತೊಂದರೆ ಕೊಟ್ಟಿದ್ದಿಲ್ಲ. ಕೆಲವು ವರ್ಷದ ಹಿಂದೆ ಯಾವುದೋ ಅನುದಾನ ಬಂತು ಅಂತ ಒಂದೇ ದಿನದಲ್ಲಿ ಜೆಸಿಬಿ ತಂದು ಅದನ್ನು ಕಿತ್ತರು. ಎರಡು ಸಿಮೆಂಟ್ ಪೈಪು ಹೂತು ಮೇಲೆ ಮಣ್ಣು ತುಂಬಿದರು. ಕಿತ್ತ ಚಪ್ಪಡಿ ಎಲ್ಲಿಗೆ ಹೋದವೋ ಕಾಣೆ.

ಅಂದಿನಿಂದ ಪ್ರತಿ ಮುಂಗಾರಿಗೂ ಅದೇ ಗೋಳು. ಕಬ್ಬಿನ ತರಗು, ಬಾಳೆ ದಿಂಡು, ಪ್ಲಾಸ್ಟಿಕ್ಕು ಬಂದು ಪೈಪಿನ ಬಾಯಿಗೆ ಕಚ್ಚಿಕೊಳ್ಳುತ್ತೆ. ಕಲ್ಲಿನ ತೆರಪು ನೆಲದಿಂದ ಚಪ್ಪಡಿವರೆಗೂ ಬಿಚ್ಚಿತ್ತು, ಒಂದು ಕೊಕ್ಕೆ ಹಾಕಿ ಎಳೆದರೆ ಕಸ ಬರುತ್ತಿತ್ತು. ದುಂಡು ಪೈಪಿನೊಳಗೆ ಸಿಕ್ಕಿದ್ದನ್ನು ತೆಗೆಯೋದು ಹೇಗೆ? ನೀರು ಹಿಂದಕ್ಕೆ ಒತ್ತಿ ಮೇಲಿನ ಗದ್ದೆಗಳಿಗೆ ನುಗ್ಗುತ್ತೆ. ಒಂದು ವರ್ಷ ನನ್ನ ಒಟ್ಟಲು ಪಾತಿಯೇ ಮೂರು ದಿನ ಮುಳುಗಿ ಪೈರು ಕೊಳೆಯಿತು, ಬೇರೆಯವರ ಹತ್ತಿರ ಪೈರು ಬೇಡಿ ನಾಟಿ ಮಾಡಿದೆ. ಮಾಡಿಸಿದವರ ಹೆಸರು ಇಲ್ಲಿ ಬೇಡ, ಅವರನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ. ಕಲ್ಲನ್ನು ಹಾಗೇ ಬಿಟ್ಟು, ಸಡಿಲಾದ ಎರಡು ಚಪ್ಪಡಿ ಬದಲಿಸಿದ್ದರೆ ಕಾಸೂ ಉಳಿಯುತ್ತಿತ್ತು, ನಮ್ಮ ಪೈರೂ ಉಳಿಯುತ್ತಿತ್ತು ಅನ್ನೋದಷ್ಟೇ ನನ್ನ ಮಾತು.

ಬದಲಿಸೋಕೆ ಕಲ್ಲುಕುಟಿಗರು ಎಲ್ಲಿದ್ದಾರೆ ಅಂತ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಉಳಿ, ಸುತ್ತಿಗೆಯಲ್ಲಿ ಸಾಲಾಗಿ ಗುಳಿ ಹೊಡೆದು, ಬೆಣೆ ಬಡಿದು, ಕಲ್ಲನ್ನು ದಾರ ಹಿಡಿದ ಹಾಗೆ ಸೀಳುವ ಜನ ಕಡಿಮೆಯಾಗುತ್ತಿದ್ದಾರೆ. ಪಾಂಡವಪುರದ ಬೇಬಿಬೆಟ್ಟದ ಕಡೆ ಸಿಡಿಮದ್ದಿಟ್ಟು ಕಲ್ಲು ಒಡೆದಿದ್ದು ಸಾಲದು ಅಂತ, ಕೆ.ಆರ್.ಎಸ್. ಕಟ್ಟೆಗೇ ಅಪಾಯ ಅನ್ನೋ ಮಟ್ಟಕ್ಕೆ ಹೋಗಿ, 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರು ಗಣಿಗಾರಿಕೆ ನಿಲ್ಲಿಸುವಂತೆ ಹೇಳಬೇಕಾಯಿತು. ಬೆಟ್ಟವನ್ನೇ ಜಲ್ಲಿ ಮಾಡಿ ಮುಗಿಸೋ ಯಂತ್ರ ನಮ್ಮಲ್ಲಿದೆ, ಒಂದು ಬೋದಿಗೆ ಕೆತ್ತೋ ಕೈ ಇಲ್ಲ. ಇರೋ ನಾಲ್ಕು ಜನಕ್ಕೆ ಇಂಥ ದುರಸ್ತಿ ಕೆಲಸ ಕೊಟ್ಟರೆ ಕಸುಬೂ ಉಳಿದೀತು.

ಕಲ್ಲು ಸೇತುವೆಗೆ ಬರೋ ರೋಗ, ಅದಕ್ಕೆ ಮದ್ದು

ಬೇಸಾಯಗಾರರಿಗೆ ಅರ್ಥವಾಗೋ ಹಾಗೆ ಹೇಳುತ್ತೇನೆ. ಮೊದಲನೇದು ಬೇರು. ಹಕ್ಕಿ ಹಿಕ್ಕೆಯಿಂದ ಕಲ್ಲಿನ ಸಂದಿಯಲ್ಲಿ ಅರಳಿ, ಆಲ, ಬಸರಿ ಹುಟ್ಟುತ್ತೆ. ಬೆರಳು ಗಾತ್ರ ಇರುವಾಗ ಕಿತ್ತರೆ ಒಂದು ಕೈಕೆಲಸ. ತೋಳು ಗಾತ್ರ ಆದ ಮೇಲೆ ಎಳೆದು ಕೀಳಬಾರದು, ಕಲ್ಲೂ ಜೊತೆಗೆ ಬರುತ್ತೆ. ಬುಡಕ್ಕೆ ಕಡಿದು, ಮತ್ತೆ ಚಿಗುರಿದಾಗೆಲ್ಲ ಚಿವುಟಿ ಸಾಯಿಸಬೇಕು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಎರಡನೇದು ನೆರೆಯ ಕಸ. ಕಂಬಗಳ ನಡುವೆ ಮರದ ದಿಮ್ಮಿ, ಬಿದಿರು ಮೆಳೆ ಸಿಕ್ಕಿಕೊಂಡರೆ ತೆರಪು ಮುಚ್ಚಿ, ತೆರೆದ ಸೇತುವೆ ಗೋಡೆಯಾಗಿಬಿಡುತ್ತೆ. ಆಗ ನೀರಿನ ಒತ್ತಡವೆಲ್ಲ ಕಂಬದ ಮೇಲೆ. ನೆರೆ ಇಳಿದ ಕೂಡಲೇ ಅದನ್ನು ಬಿಡಿಸಬೇಕು.

ಮೂರನೇದು ಮರಳು. ಸೇತುವೆ ಹತ್ತಿರ ಮರಳು ಬಗೆದರೆ ನೀರಿನ ಸೆಳೆತ ಬದಲಾಗಿ ಕಂಬದ ಬುಡ ಕೊರೆಯುತ್ತೆ. ಹೊಲದ ಬದುವಿನ ಬುಡ ಕೊರೆದರೆ ಬದು ನಿಲ್ಲುತ್ತಾ? ಹಾಗೇ ಇದೂ.

ನಾಲ್ಕನೇದು ಸಿಮೆಂಟು. ದುರಸ್ತಿ ಅಂತ ಸಂದಿಗೆಲ್ಲ ಸಿಮೆಂಟು ಬಳಿದರೆ ಚೆಂದ ಕಾಣುತ್ತೆ, ಆದರೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಇರಲ್ಲ, ಕಲ್ಲು ಅಲುಗಿದಾಗ ಜೊತೆಗೆ ಅಲುಗೋದೂ ಇಲ್ಲ. ಹಳೇ ಕಲ್ಲಿಗೆ ಸುಣ್ಣದ ಗಾರೆಯೇ ಸರಿ. ಕೆ.ಆರ್.ಎಸ್. ಕಟ್ಟೆಯನ್ನೇ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದಾರೆ ಅನ್ನೋದನ್ನು ನೆನಪಿಡಿ. ಹಾಗೇ ರಸ್ತೆ ಮೇಲೆ ರಸ್ತೆ ಹಾಕಿ ಡಾಂಬರಿನ ದಪ್ಪ ಏರಿಸಬಾರದು, ಅದೂ ಸತ್ತ ಭಾರವೇ.

ಈ ನಾಲ್ಕರಲ್ಲಿ ಯಾವುದಕ್ಕೂ ಕೋಟಿ ಬೇಡ. ಕುಡುಗೋಲು, ಹಾರೆ, ಹಗ್ಗ, ಎರಡು ದಿನದ ಆಳು ಸಾಕು. ಶ್ರೀರಂಗಪಟ್ಟಣದ ದಸರೆಗೆ ನಮ್ಮ ಕಿರಂಗೂರಿನ ಬನ್ನಿಮಂಟಪದಿಂದಲೇ ತಾಯಿ ಚಾಮುಂಡೇಶ್ವರಿಯ ಮೆರವಣಿಗೆ ಹೊರಡುತ್ತೆ. 1610ರಲ್ಲಿ ರಾಜ ಒಡೆಯರು ಶುರು ಮಾಡಿದ ಹಬ್ಬ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ತೋರಣ, ದೀಪಕ್ಕೆ ಖರ್ಚು ಮಾಡುತ್ತೇವೆ. ಆ ಖರ್ಚಿನಲ್ಲಿ ಒಂದು ಪಾಲು ತೆಗೆದಿಟ್ಟು, ದಸರೆಗೆ ಮುಂಚೆ ಸೇತುವೆಯ ಸಸಿ ಕೀಳೋ ಕೆಲಸಕ್ಕೆ ಕೊಡಲಿ. ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪಡೆದು, ತಿಳಿದವರೊಬ್ಬರನ್ನು ಜೊತೆಗಿಟ್ಟುಕೊಂಡೇ ಮಾಡಬೇಕು. ಉತ್ಸಾಹದಲ್ಲಿ ಕಲ್ಲು ಕದಲಿಸಬಾರದು.

ಕೊನೆಗೆ ಓದುಗ ಬಂಧುಗಳಲ್ಲಿ ಒಂದು ಕೋರಿಕೆ. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ಯಾವ ಕಡೆಯವರೇ ಆಗಿರಿ, ನಿಮ್ಮ ಊರಿನ ನಾಲೆ, ಹಳ್ಳ, ಕೆರೆ ಕೋಡಿಯ ಮೇಲೆ ಇರೋ ಕಲ್ಲು ಸೇತುವೆಗಳನ್ನು ಒಮ್ಮೆ ನೋಡಿ ಬನ್ನಿ. ಕಂಬ ಎಷ್ಟು, ತೆರಪು ಎಷ್ಟು ಅಡಿ, ಚಪ್ಪಡಿ ಎಷ್ಟು ದಪ್ಪ, ಸೀಳು ಬಿಟ್ಟಿದೆಯಾ, ಸಸಿ ಹುಟ್ಟಿದೆಯಾ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಅದರ ಒಂದು ಪ್ರತಿ ಪಂಚಾಯ್ತಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಮುಂದೆ ಅನುದಾನ ಬಂತು ಅಂತ ಜೆಸಿಬಿ ಬಂದು ನಿಂತಾಗ ತೋರಿಸೋಕೆ ನಿಮ್ಮ ಕೈಯಲ್ಲಿ ಒಂದು ಕಾಗದವಾದರೂ ಇರುತ್ತೆ.